ಬೇಲಿಯಾಚೆ ಹೊಡೆದ ಔಷಧಿ

ಮಾರ್ಚ್ 11, ಬುಧವಾರ. ಸಾದಲಿ.

ಎಷ್ಟು ತೊಳೆದರೂ ಕೈಯ ವಾಸನೆ ಹೋಗುತ್ತಿಲ್ಲ. ನಾಳಿದ್ದು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳು ಬೆಳಗಿನ ಸೊಪ್ಪು ತಿಂದು, ಹಸಿರು ನೀರು ಕಕ್ಕಿ, ಒದ್ದಾಡಿ ಸತ್ತವು. ಒಂದೂ ಉಳಿಯಲಿಲ್ಲ. ಗುಂಡಿ ತೋಡಿ ಮುಚ್ಚಿ ಬಂದೆ.

ಪಕ್ಕದ ತೋಟದ ಮುರಳಿಮೋಹನ ನಿನ್ನೆ ಟೊಮೆಟೊಗೆ ಔಷಧಿ ಹೊಡೆದಿದ್ದಾನೆ. ಅದು ಬೇಲಿಗಂಟಿದ ನನ್ನ ಹಿಪ್ಪುನೇರಳೆ ಸೊಪ್ಪಿನ ಮೇಲೂ ಬಿದ್ದಿದೆ. ಹೋಗಿ ಕೇಳಿದರೆ ಮೊಬೈಲ್ ಮುಂದೆ ಹಿಡಿಯುತ್ತಾನೆ!

"ಇವತ್ತೇ ಹೊಡೀರಿ, ಗಾಳಿ ಕಮ್ಮಿ ಐತೆ ಅಂತ ಆ್ಯಪಲ್ಲಿ ಬಂದಿತ್ತು ಕಣಕ್ಕ."

"ನಮ್ಮನೇಲಿ ಹುಳ ಅವೆ ಅಂತ ಬಂದಿರ್ಲಿಲ್ವೇನೋ? ಗಾಳೀನ ಕೇಳ್ದೆ, ನನ್ನ ಯಾಕೋ ಕೇಳ್ಲಿಲ್ಲ?"

ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದ. ಅದನ್ನು ನೋಡಿ ಸಿಟ್ಟು ಇನ್ನೂ ನೆತ್ತಿಗೇರಿತು.

ಇವನ ಅಪ್ಪ ಔಷಧಿ ಕಲಸುವ ಮುಂಚೆ ಬೇಲಿಯ ಹತ್ತಿರ ನಿಂತು, "ಕವಿತಮ್ಮಾ, ಹುಳ ಇಟ್ಟಿದ್ದೀಯೇನಮ್ಮ?" ಎಂದು ಕೂಗುತ್ತಿದ್ದರು. ಹೂಂ ಎಂದರೆ ಗೂಡು ಬಿಡಿಸುವ ತನಕ ಪಂಪು ಮುಟ್ಟುತ್ತಿರಲಿಲ್ಲ. ಅವರ ಕಾಯಿ ಒಂದಷ್ಟು ಹಾಳಾದರೂ ಸರಿ. ಈಗ ಬೇಲಿಯ ಹತ್ತಿರ ಯಾರೂ ಬರುವುದಿಲ್ಲ. ಎಲ್ಲ ಮೊಬೈಲೇ ಹೇಳುತ್ತದಲ್ಲ!

ಆ ಆ್ಯಪು ತಪ್ಪು ಹೇಳಿದ್ದರೆ ಅದನ್ನಾದರೂ ಬೈದು ಮಲಗುತ್ತಿದ್ದೆ. ಸಂಜೆ ಬೇಲಿಯಿಂದ ಇಣುಕಿದೆ. ಅವನ ಟೊಮೆಟೊ ಥಳಥಳ ಹೊಳೆಯುತ್ತಿದೆ. ಒಂದು ಕಾಯಿಗೂ ಹುಳ ಕೊರೆದ ತೂತಿಲ್ಲ.