ಸಹಿಯಿಲ್ಲದ ಹಾಳೆ

ಚಾಮರಾಜಪುರಂ, ಮೈಸೂರು
12 ಡಿಸೆಂಬರ್ 2002

ಪ್ರೀತಿಯ ಲಹರಿ,

ನಾವಿಬ್ಬರೂ ಕ್ಷೇಮ. ಕೀವ್‌ನ ಚಳಿಯಲ್ಲಿ ನೀನೂ ಬೆಚ್ಚಗಿದ್ದೀ ಎಂದುಕೊಳ್ಳುತ್ತೇನೆ. ನಿನ್ನ ಪತ್ರ ಬಂದು ಐದು ವಾರವಾಯಿತು, ಬೇಸರಪಡಬೇಡ. ನಾಲ್ಕು ಸಲ ಕೂತು, ತಾರೀಖು ಬರೆದು, ಎದ್ದುಬಿಟ್ಟೆ.

ಅಮ್ಮನಿಗೆ ನಾನೇ ಓದಿ ಹೇಳಿದೆ. ನಿಮ್ಮ ಟಿವಿ ಕಚೇರಿಗೆ ದಿನಾ ಬೆಳಿಗ್ಗೆ ಬರುತ್ತಿದ್ದ ಹಾಳೆಯ ವಿಷಯ. ಮೇಲೆ ಲಾಂಛನವಿಲ್ಲ, ಕೆಳಗೆ ಸಹಿಯಿಲ್ಲ. ಯಾವ ಸುದ್ದಿ ಹೇಳಬೇಕು, ಯಾರ ಮುಖ ತೋರಿಸಬಾರದು, ಯಾವ ಮೆರವಣಿಗೆ ನಡೆದೇ ಇಲ್ಲ ಎನ್ನಬೇಕು, ಎಲ್ಲ ಅದರಲ್ಲಿರುತ್ತದೆ. ಅಧ್ಯಕ್ಷರ ಕಚೇರಿಯಿಂದಲೇ ಬರುತ್ತದೆಂದು ಎಲ್ಲರಿಗೂ ಗೊತ್ತು. ಸರ್ಕಾರಿ ಕಾರ್ಖಾನೆಗಳನ್ನು ಅಗ್ಗಕ್ಕೆ ಕೊಂಡು ದೊಡ್ಡವನಾದ ನಿಮ್ಮ ಚಾನೆಲ್ಲಿನ ಧಣಿ ಅದನ್ನು ಪಾಲಿಸುತ್ತಾನೆ. ಇಂಗ್ಲಿಷ್ ವಾರ್ತೆ ಓದುವ ನೀನು ಒಂದು ದಿನ ಆ ಹಾಳೆಯನ್ನೇ ಇಂಗ್ಲಿಷಿಗೆ ತಿರುಗಿಸಿ, ವಾರ್ತೆಯ ಹೊತ್ತಿಗೆ ಕ್ಯಾಮೆರಾದ ಮುಂದೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಕೋಟು ತೊಟ್ಟು ಹೊರಗೆ ನಡೆದೆ.

ಅಮ್ಮ ಆ ಭಾಗವನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ನಕ್ಕಳು. ಮಧ್ಯಾಹ್ನ ಚಿರೋಟಿ ಮಾಡಿ ಪಕ್ಕದ ಮನೆಯ ಚಿಕ್ಕಬಸವಯ್ಯನವರಿಗೂ ಕೊಟ್ಟಳು.

"ಏನ್ ತಾಯಿ, ಮಗ್ಳಿಗೆ ಮದ್ವೆ ಗೊತ್ತಾಯ್ತಾ?"

"ಇಲ್ಲ ಕಣ್ರೀ, ಕೆಲ್ಸ ಹೋಯ್ತು."

"ಕೆಲ್ಸ ಓಗಿದ್ದಕ್ಕೆ ಚಿರೋಟಿ ಅಂಚೋರ್ನ ಇವತ್ತೇ ಕಂಡಿದ್ದು ಬುಡಿ! ಸಿಕ್ಕಾಗ ಏನ್ ಮಾಡಿದ್ರಿ?"

"ಬರೀ ಕಾಫಿ ಕೊಟ್ಟಿದ್ದೆ, ಮರ್ತುಬಿಟ್ರಾ?"

ಹೆಮ್ಮೆ ನನಗೆ ಒಗ್ಗದ ಬಟ್ಟೆ. ಆದರೂ ಅದನ್ನೇ ತೊಟ್ಟು ಇಡೀ ವಾರ ಓಡಾಡಿದೆ. ನಮ್ಮ ಸಂಜೆ ಪತ್ರಿಕೆಯ ಕಚೇರಿಯಲ್ಲೂ ಹೇಳಿಕೊಂಡೆ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಜೊತೆಗಿರುವ ರುದ್ರಸ್ವಾಮಿ ಕೇಳಿದ, "ಅಂಥ ಹಾಳೆ ನಮ್ಗೆ ಬಂದಿದ್ರೆ ಏನ್ ಮಾಡ್ತಿದ್ರಿ ಸಾರ್?" ನಾನು ಕನ್ನಡಕ ಒರೆಸಿಕೊಂಡೆ.

ಮಾಡಿದ್ದು ಸರಿಯೇ ಎಂದು ಕೇಳಿದ್ದೀ. ಸರಿ. ಹತ್ತು ಸಲ ಕೇಳಿದರೂ ಸರಿ. ನಿನ್ನ ಗೆಳೆಯರು ಶುರುಮಾಡುತ್ತಿರುವ ಪತ್ರಿಕೆಗೆ ಸೇರು. ಅದು ನಾಲ್ಕೇ ಪುಟದ್ದಾದರೂ ಚಿಂತೆಯಿಲ್ಲ. ನಮಗೋಸ್ಕರ ಹಿಂತಿರುಗಬೇಡ. ನಿನ್ನ ದನಿ ಗಟ್ಟಿಯಾಗಿಯೇ ಇರಲಿ.

ನಿನ್ನ ಅಪ್ಪ,
ಸುಂದರೇಶ

ತಾ.ಕ.: "ಇದೆಲ್ಲ ನಿನ್ನಿಂದ ಕಲಿತದ್ದು ಅಪ್ಪ" ಎಂದು ಬರೆದಿದ್ದೀ. ನನ್ನ ಪೆನ್ನು ನಿಲ್ಲುತ್ತಿದ್ದುದು ಅಲ್ಲೇ. 1991ರಲ್ಲಿ, ನೀನು ಪಿಯುಸಿಯಲ್ಲಿದ್ದಾಗ, ಉದಯಗಿರಿಯ ಒಂದು ಅಗರಬತ್ತಿ ಕಾರ್ಖಾನೆಗೆ ಬೆಂಕಿ ಬಿದ್ದು ನೀಲಮ್ಮ ಎಂಬ ಹೆಂಗಸು ಸತ್ತಳು. ಆಗ ಅಮ್ಮ ನಮ್ಮ ಪತ್ರಿಕೆಯಲ್ಲೇ ಇದ್ದಳಲ್ಲ. ಅವಳು ಕರಡನ್ನು ಗಟ್ಟಿಯಾಗಿ ಓದುತ್ತಿದ್ದಳು, ನಾನು ತಿದ್ದುತ್ತಿದ್ದೆ. ಕಾರ್ಖಾನೆ ನಮ್ಮ ಪತ್ರಿಕೆಯ ಮಾಲೀಕರ ಭಾವಮೈದುನನದು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು ಎಂಬ ಸಾಲನ್ನು ನಾನು ಹೊಡೆದುಹಾಕಿದೆ.

"ಯಾರು ಹೇಳಿದ್ರು ನಿಮ್ಗೆ?" ಎಂದಳು ಅಮ್ಮ.

ಯಾರೂ ಹೇಳಿರಲಿಲ್ಲ. ಹಾಳೆ ಬಂದಿರಲಿಲ್ಲ, ಫೋನೂ ಬಂದಿರಲಿಲ್ಲ. "ಜಾಗ ಇಲ್ಲ" ಎಂದೆ.

ಅವಳು ಕರಡನ್ನು ಮೇಜಿನ ಮೇಲಿಟ್ಟು ಮನೆಗೆ ಹೋದಳು, ಮತ್ತೆ ಕಚೇರಿಗೆ ಬರಲಿಲ್ಲ. ಗಂಟಲು ಕೆಟ್ಟು ಕೆಲಸ ಬಿಟ್ಟಳೆಂದು ನಿನಗೆ ಹೇಳಿದ್ದೆವು. ಅವಳ ಗಂಟಲಿಗೆ ಏನೂ ಆಗಿರಲಿಲ್ಲ.