ಗೋದಾಮು ಓಣಿಯ ವಿನಾಯಿತಿ

ಗದಗ-ಬೆಟಗೇರಿ
ಫೆಬ್ರುವರಿ 30, 2264

ಶಮೀನಾ ನದಾಫ್ ಅಕ್ಕನವರಿಗೆ ನಮಸ್ಕಾರ.

ನಮ್ಮ ಫೆಬ್ರುವರಿಗೆ ಮೂವತ್ತು ದಿನ, ತಪ್ಪು ಬರೆದೆನೆಂದು ತಿಳಿಯಬೇಡಿ. ನಾನು ಓದಿದ್ದು ನಾಲ್ಕನೇ ತರಗತಿ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನೀವು ಆಮ್ಲಜನಕದ ಸಿಲಿಂಡರ್ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೀರಿ. ನಿಮ್ಮ ಕಂಪ್ಯೂಟರಿನಲ್ಲಿರುವ ಲೆಕ್ಕದ ಸಾಫ್ಟ್‌ವೇರ್ ಎಷ್ಟೋ ತಲೆಮಾರು ಕಳೆದರೂ ಇಲ್ಲಿ ಇನ್ನೂ ನಡೆಯುತ್ತಿದೆ. ಅದನ್ನು ನಾವು ಮೂಲಪಟ್ಟಿ ಎನ್ನುತ್ತೇವೆ. ಊರಿನ ಗಾಳಿಯೆಲ್ಲ ಅದರ ಪ್ರಕಾರವೇ ಹಂಚಿಕೆಯಾಗುತ್ತದೆ. ಒಬ್ಬರಿಗೆ ದಿನಕ್ಕೆ ಹತ್ತು ಉಸಿರುಪಾಲು. ತೆರಿಗೆಯನ್ನೂ ಗಾಳಿಯಲ್ಲೇ ಹಿಡಿಯುತ್ತಾರೆ, ಹತ್ತರಲ್ಲಿ ಎರಡು. ಗೋದಾಮು ಓಣಿಯಲ್ಲಿ ಮಾತ್ರ ಹಿಡಿಯುವುದಿಲ್ಲ. ಒಂದು ಮಂಗಳವಾರ ಸಂಜೆ 4:12ಕ್ಕೆ, ಈ ವಿಳಾಸಕ್ಕೆ ಹೋಗುವ ಸಿಲಿಂಡರಿಗೆ ತೆರಿಗೆ ಬೇಡವೆಂದು ನೀವು ವಿನಾಯಿತಿ ಹಾಕಿದಿರಿ. ಕೊನೆಯ ದಿನಾಂಕ ಹಾಕಲಿಲ್ಲ. ಕಾರಣ ಕೇಳುವ ಜಾಗದಲ್ಲಿ, ಮುಂದೆ ಹೋಗಲಿ ಎಂದು, ಒಂದು ಚುಕ್ಕಿ ಒತ್ತಿದಿರಿ.

ಆ ಚುಕ್ಕಿಯಿಂದ ನಾನೂರು ಜನ ಬದುಕಿದ್ದೇವೆ. ದಿನವೂ 4:12ಕ್ಕೆ ಓಣಿಯವರೆಲ್ಲ ಒಂದು ಉಸಿರು ತಡೆದು ನಿಲ್ಲುತ್ತೇವೆ. ಆ ಉಸಿರು ನಿಮ್ಮ ಪಾಲಿನದು. ಆಗ ಬಾಗಿಲ ಬಳಿ ಯಾರೋ ಅದನ್ನು ಎಳೆದುಕೊಂಡ ಸದ್ದು ಕೇಳುತ್ತದೆ ಎಂದು ಮಕ್ಕಳು ಹೇಳುತ್ತಾರೆ. ನನಗೂ ಒಮ್ಮೆ ಕೇಳಿದೆ.

ತಪ್ಪು ನನ್ನದು. ನಾನು ಮೂಲಪಟ್ಟಿಯ ಕೋಣೆ ಒರೆಸುವವಳು. ನಿಮ್ಮ ಹೆಸರು ನೋಡುವ ಆಸೆಯಿಂದ ಆ ವಿನಾಯಿತಿಯನ್ನು ತೆರೆದೆ. ತೆರೆದದ್ದು ಈಗ ಕಾರಣವಿಲ್ಲದೆ ಮುಚ್ಚುವುದಿಲ್ಲ, ಚುಕ್ಕಿಯನ್ನು ಒಪ್ಪುವ ಕಾಲ ಹೋಯಿತು. ಕಾರಣ ಬರೆಯುವ ಹಕ್ಕು ವಿನಾಯಿತಿ ಹಾಕಿದವರಿಗೆ ಮಾತ್ರ. ಆರು ದಿನದಲ್ಲಿ ಬರೆಯದಿದ್ದರೆ ವಿನಾಯಿತಿ ರದ್ದು. ನನ್ನ ತಂಗಿ ಚಿನ್ನವ್ವನಿಗೆ ಹುಟ್ಟಿನಿಂದ ಎದೆ ಬಲವಿಲ್ಲ. ಹತ್ತೂ ಪಾಲು ಬೇಕು. ಎಂಟರಲ್ಲಿ ಅವಳು ಉಳಿಯುವುದಿಲ್ಲ.

ತಪಾಸಣೆಯ ಈರಪ್ಪನವರು ಬಂದು, "ಚುಕ್ಕಿ ಅಂದ್ರ ಅದೇನ್ ಕಾರಣ, ತಂಗಿ? ನಾ ಮ್ಯಾಲಿನವರಿಗೆ ಏನಂತ ಹೇಳ್ಲಿ?" ಎಂದರು. ನನ್ನ ಅಜ್ಜಿ ಬಿಡಲಿಲ್ಲ. "ಆಕಿಗೆ ಗಡಿಬಿಡಿ ಇತ್ತೋ ಯಪ್ಪಾ. ಎದುರಿಗೆ ಯಾರೋ ಖಾಲಿ ಸಿಲಿಂಡರ್ ಹಿಡಕೊಂಡು ನಿಂತಿದ್ರು. ನೀ ಆಗಿದ್ರ ಪ್ರಬಂಧ ಬರೀತಿದ್ದೇನು?" ಈರಪ್ಪನವರು ನಕ್ಕರು. ಗಡುವು ಮಾತ್ರ ಬದಲಾಗಲಿಲ್ಲ.

ಮೂಲಪಟ್ಟಿ ಹಿಂದಿನ ದಿನಾಂಕವನ್ನು ಈಗಲೂ ಒಪ್ಪುತ್ತದೆ. ಅದಕ್ಕೇ ನಿಮ್ಮ ಕಾಲದ ದಿನಾಂಕ ಹಾಕಿ, ಅದೇ ವಿನಾಯಿತಿಯ ಟಿಪ್ಪಣಿಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಓದಿ ಹೆದರಿ ಆ ವಿನಾಯಿತಿಯನ್ನು ಅಳಿಸಬೇಡಿ. ಅಳಿಸಿದರೆ ಈ ಓಣಿಯಲ್ಲಿ ಹುಟ್ಟಿದವರೆಲ್ಲ ಹುಟ್ಟದೆ ಹೋಗುತ್ತೇವೋ ಏನೋ, ನನಗೆ ತಿಳಿಯದು.

ಅಂದು ಯಾರಿಗಾಗಿ ಹಾಕಿದಿರೋ ಅವರ ಹೆಸರೊಂದನ್ನು ಬರೆದರೂ ಸಾಕು. ಹೆಸರು ಮರೆತಿದ್ದರೆ ಅವರಿಗೆ ಏನಾಗಿತ್ತೆಂದು ಬರೆಯಿರಿ. ನಾನು ಪರದೆಯ ಮುಂದೆಯೇ ಇದ್ದೇನೆ. ಚಿನ್ನವ್ವ ನನ್ನ ಹೆಗಲಿಗೆ ಒರಗಿ ಕೂತಿದ್ದಾಳೆ. ಒಂದೊಂದೇ ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿತಿದ್ದಾಳೆ. ನೀವು ಬರೆದದ್ದನ್ನು ಮೊದಲು ತಾನೇ ಓದಬೇಕಂತೆ.

ನಿಮ್ಮ,
ಹುಲಿಗೆವ್ವ ಕಬ್ಬೇರ