ಡಾಕ್ಟರ ದನಿಯಲ್ಲಿ ನುಂಗಿದ ಮಾತು

ಪುಟ್ಟೀ,

ನೀನು ಏಳುವಷ್ಟರಲ್ಲಿ ನಾನೂ ಅಪ್ಪನೂ ಆಸ್ಪತ್ರೆಯಲ್ಲಿರುತ್ತೇವೆ. ಹತ್ತು ಗಂಟೆಗೆ ನನ್ನ ಬೆನ್ನುಹುರಿಯ ಗಂಟು ಬಿಚ್ಚುತ್ತಾರೆ.

ಹಾಲು ಒಲೆಯ ಮೇಲಿದೆ, ಕಾಯಿಸು. ಅಮ್ಮನ ಬಿಪಿ ಮಾತ್ರೆ ತಿಂಡಿ ಆದಮೇಲೆ, ಮೊದಲಲ್ಲ. ನನ್ನ ಬಿಳಿ ಅಂಗಿ ಮುಟ್ಟಿದರೆ ಜಾಗ್ರತೆ.

ಮೊನ್ನೆ ಊಟಕ್ಕೆ ಕೂತಾಗ ಡಾಕ್ಟರ ಹಾಗೆ ಮೂಗಿನಲ್ಲಿ ಮಾತಾಡಿ, "ಕ್ಯಾನ್ಸರ್ ಅಲ್ಲಮ್ಮಾ, ಬಿನೈನ್. ಅಪರೂಪದ ಸಾಧು ಗಂಟು" ಅಂದೆನಲ್ಲ. ಅಮ್ಮ, "ಬೆನ್ನೇನ್? ಬೆನ್ನಿಗೇನಾಯ್ತು ಸರಿಯಾಗಿ ಹೇಳೋ!" ಅಂದಳು. ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ಡಾಕ್ಟರ ಕೊನೆಯ ಮಾತನ್ನು ನಾನು ನುಂಗಿಬಿಟ್ಟೆ. ಗಂಟು ನರಕ್ಕೆ ಸುತ್ತಿಕೊಂಡಿದೆಯಂತೆ. ಬಿಡಿಸುವಾಗ ಬಲಗಾಲಿನ ಸ್ವಾಧೀನ ಹೋದರೂ ಹೋಗಬಹುದಂತೆ. ಆಪರೇಷನ್ ಕಾಗದಕ್ಕೆ ಸಹಿ ಹಾಕಿದ ಅಪ್ಪನಿಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ.

ಮಾತ್ರೆ ನುಂಗಿದ ಮೇಲೆ ಅವಳಿಗೆ ಹೇಳು. ನಾನೇ ಹೇಳಬೇಕಿತ್ತು. ನಿನ್ನೆ ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋದೆ. ಊರವರ ದನಿಯೆಲ್ಲ ಬರುವ ಬಾಯಿಗೆ ಸ್ವಂತ ದನಿ ಬರಲಿಲ್ಲ. ಬೈದರೆ ನನ್ನ ಪಾಲಿನದನ್ನೂ ಬೈಸಿಕೋ.

ಆಮೇಲೆ ಅವಳನ್ನು ಕರೆದುಕೊಂಡು ಬಾ. ನನಗೆ ಎಚ್ಚರವಾದಾಗ "ಕಾಲು ಆಡಿಸೋ" ಅಂತ ಅವಳೇ ಹೇಳಲಿ. ಬೇರೆ ಯಾರು ಹೇಳಿದರೂ ಆಡಿಸಿ ನೋಡುವ ಧೈರ್ಯ ನನಗಿಲ್ಲ.

ಅಣ್ಣ